‘ಸೆಡ್’ ಬದಲು ಯಾವ ಪದ?

ಪ್ರಶ್ನೆ: ಇಂಗ್ಲಿಷ್‌ನಲ್ಲಿ ಬರೆಯುವಾಗ ‘ಸೆಡ್’ ಪದೇ ಪದೇ ಬರುತ್ತದೆ. ಥೆಸಾರಸ್ ನೋಡಿ ಬೇರೆ ಬೇರೆ ಪದ ಹಾಕಿದರೆ ಬರಹ ಸೊಗಸಾಗುತ್ತದೆಯೇ?

ಉತ್ತರ: ಯಾವಾಗಲೂ ಇಲ್ಲ. ಸಮಾನಾರ್ಥಕ ಪದಗಳ ಅರ್ಥ ಹತ್ತಿರ ಹತ್ತಿರ ಇರುತ್ತದೆ, ಒಂದೇ ಆಗಿರುವುದು ಅಪರೂಪ. ಸಚಿವರೊಬ್ಬರು ಏನೋ ಹೇಳಿದರು ಅನ್ನಿ. ‘ಸೆಡ್’ ಎಂದು ಬರೆದರೆ ಬರೀ ವರದಿ. ‘ಕ್ಲೇಮ್ಡ್’ ಎಂದರೆ ಬರೆದವರಿಗೇ ಆ ಮಾತಿನ ಮೇಲೆ ಅನುಮಾನವಿದೆ ಎಂಬ ಧ್ವನಿ. ‘ಅಡ್ಮಿಟೆಡ್’ ಎಂದರೆ ತಪ್ಪನ್ನೋ ಇರುಸುಮುರುಸಿನ ಸಂಗತಿಯನ್ನೋ ಒಪ್ಪಿಕೊಂಡ ಹಾಗೆ. ‘ಇನ್ಸಿಸ್ಟೆಡ್’ ಎಂದರೆ ಪಟ್ಟು ಹಿಡಿದು ಹೇಳಿದ್ದು. ‘ಇಂಪ್ಲೈಡ್’ ಎಂದರೆ ಬಾಯಿಬಿಟ್ಟು ಹೇಳದೆ ಸೂಚಿಸಿದ್ದು.

ವಾಕ್ಯರಚನೆಯೂ ಬದಲಾಗುತ್ತದೆ. ‘ಟೋಲ್ಡ್ ಮಿ’ ಸರಿ, ‘ಎಕ್ಸ್‌ಪ್ಲೇನ್ಡ್ ಮಿ’ ತಪ್ಪು. ಅಲ್ಲಿ ‘ಟು’ ಬೇಕು. ‘ಡಿಸ್ಕಸ್’ ಆದಮೇಲೆ ‘ಅಬೌಟ್’ ಬೇಡ. ಕನ್ನಡದಲ್ಲಿ ‘ಅದರ ಬಗ್ಗೆ ಚರ್ಚಿಸಿದೆವು’ ಎನ್ನುವ ರೂಢಿ ಇರುವುದರಿಂದ ನಮ್ಮಲ್ಲಿ ಅನೇಕರು ಇಲ್ಲಿ ಎಡವುತ್ತಾರೆ.

ವೈದ್ಯ ಪೀಟರ್ ಮಾರ್ಕ್ ರೋಜೆ 1852ರಲ್ಲಿ ಪ್ರಕಟಿಸಿದ ಪ್ರಸಿದ್ಧ ಥೆಸಾರಸ್ ಪದಗಳನ್ನು ವಿಷಯವಾರು ಗುಂಪು ಮಾಡಿತು. ಒಂದೊಂದರ ಅರ್ಥ ವಿವರಿಸುವುದು ಅದರ ಕೆಲಸವಾಗಿರಲಿಲ್ಲ. ಹಾಗಾಗಿ ಪದವನ್ನು ಅಲ್ಲಿ ಹುಡುಕಿ, ಬಳಕೆಯ ವಾಕ್ಯಗಳಿರುವ ನಿಘಂಟಿನಲ್ಲಿ ಪರೀಕ್ಷಿಸಿ.

ಇನ್ನು ಕಥೆಯ ಸಂಭಾಷಣೆ. ಅಲ್ಲಿ ‘ಸೆಡ್’ ಬಿಟ್ಟು ಬೇರೆ ಕ್ರಿಯಾಪದವೇ ಬೇಡ ಎಂದು ಅಮೆರಿಕದ ಕಾದಂಬರಿಕಾರ ಎಲ್ಮೋರ್ ಲೆನರ್ಡ್ 2001ರಲ್ಲಿ ಬರೆದಿದ್ದರು. ಅಷ್ಟು ಕಟ್ಟುನಿಟ್ಟು ಬೇಕಿಲ್ಲ. ಪಿಸುಗುಟ್ಟಿದ್ದರೆ ‘ವಿಸ್ಪರ್ಡ್’ ಎನ್ನಿ. ಸುಮ್ಮನೆ ಹೇಳಿದ್ದರೆ ‘ಸೆಡ್’ ಸಾಕು. ಓದುಗರ ಕಣ್ಣು ಅದನ್ನು ದಾಟಿ ಮಾತಿನ ಕಡೆಗೇ ಹೋಗುತ್ತದೆ.