ದಂಡ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಉಳಿಯದು

ಹೈನುಗಾರ ಅಕ್ಕ-ತಂಗಿಯರೇ,

ಆಕಳಿಗೆ ಮೇವು ಹಾಕುವವರು ನೀವು, ಸಗಣಿ ಬಳಿಯುವವರು ನೀವು, ಹಾಲು ಹಿಂಡುವವರೂ ನೀವು. ಆದರೆ ಆ ಹಾಲು ಸಂಘ ಮುಟ್ಟಬೇಕಾದರೆ ಬಹಳಷ್ಟು ಮನೆಗಳಲ್ಲಿ ಗಾಡಿ ಓಡಿಸುವವರು ಮನೆಯವರು, ಇಲ್ಲವೇ ಮಗ. ಅವರ ಲೈಸೆನ್ಸ್ ಮೂರು ತಿಂಗಳು ಅಮಾನತಾಯಿತು ಎಂದುಕೊಳ್ಳಿ. ದಿನಕ್ಕೆ ಎರಡು ಹೊತ್ತಿನಂತೆ ಸುಮಾರು 180 ಸಲ ಹಾಲು ಸಾಗಿಸುವ ಚಿಂತೆ ನಿಮ್ಮ ತಲೆಗೇ ಬರುತ್ತದೆ. ಆದ್ದರಿಂದ ಕುಡಿದು ಗಾಡಿ ಓಡಿಸಿದ ಕೇಸು ಗಂಡಸರ ವಿಷಯ ಎಂದು ಬಿಡುವಂತಿಲ್ಲ. ಮನೆಯ ಹೆಣ್ಣುಮಕ್ಕಳೂ ಇದನ್ನು ತಿಳಿದಿರಬೇಕು.

ಸಿಕ್ಕಿಬಿದ್ದ ರಾತ್ರಿ

ಪೇಟೆಯ ಕೆಲಸ ಮುಗಿಸಿ ಊರಿಗೆ ಹೊರಟವರನ್ನು ಹುಬ್ಬಳ್ಳಿ ಅಥವಾ ಧಾರವಾಡದ ಸಂಚಾರ ಪೊಲೀಸರು ನಿಲ್ಲಿಸಿ ಉಸಿರು ತಪಾಸಣೆ ಮಾಡುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂಗಿಂತ ಹೆಚ್ಚು ಮದ್ಯಾಂಶ ಇದ್ದರೆ ಅದು ಅಪರಾಧ. ಬೈಕು, ಟ್ರ್ಯಾಕ್ಟರ್, ಗೂಡ್ಸ್ ಗಾಡಿ ಎಲ್ಲಕ್ಕೂ ಒಂದೇ ನಿಯಮ. 'ಒಂದೇ ಕ್ವಾರ್ಟರ್, ಏನೂ ಆಗುವುದಿಲ್ಲ' ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

2019ರ ಸೆಪ್ಟೆಂಬರ್ 1ರಿಂದ ಶಿಕ್ಷೆ ಹೆಚ್ಚಾಗಿದೆ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, ಇಲ್ಲವೇ 15,000 ರೂಪಾಯಿ ದಂಡ, ಇಲ್ಲವೇ ಎರಡೂ.

ಹೆಲ್ಮೆಟ್ ದಂಡದ ಹಾಗೆ ಈ ಕೇಸನ್ನು ಸ್ಥಳದಲ್ಲೇ ಹಣ ಕಟ್ಟಿ ಮುಗಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ. ನ್ಯಾಯಾಲಯಕ್ಕೆ ಹೋಗಲೇಬೇಕು. 'ಇಲ್ಲೇ ಮುಗಿಸಿಕೊಡುತ್ತೇನೆ' ಎಂದು ಯಾರಾದರೂ ಕೈಚಾಚಿದರೆ ಕೊಡಬೇಡಿ. ಬಟವಾಡೆ ಹಣವೂ ಹೋಗುತ್ತದೆ, ಕೇಸೂ ಉಳಿಯುತ್ತದೆ.

ಆ ಹೊತ್ತಿನಲ್ಲಿ ಎರಡು ಕಾಗದ ಜೋಪಾನ ಮಾಡಿ. ಒಂದು, ತಪಾಸಣೆಯ ಅಂಕಿ ಇರುವ ಚೀಟಿ. ಇನ್ನೊಂದು, ಲೈಸೆನ್ಸ್ ವಶಪಡಿಸಿಕೊಂಡರೆ ಕೊಡುವ ತಾತ್ಕಾಲಿಕ ರಸೀದಿ. ಲೈಸೆನ್ಸ್ ಮರಳುವವರೆಗೆ ಅಥವಾ ಅದರಲ್ಲಿ ಬರೆದ ದಿನಾಂಕದವರೆಗೆ ಆ ರಸೀದಿಯ ಮೇಲೆ ಗಾಡಿ ಓಡಿಸಬಹುದು. ಬಂಧಿಸಿದ್ದರೆ 2 ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು ಎಂದೂ ಕಾಯ್ದೆ ಹೇಳುತ್ತದೆ.

ಎರಡು ಕಡೆ ವಿಚಾರಣೆ

ಹೆಚ್ಚಿನವರು ಎಡವುವುದು ಇಲ್ಲಿ. ಕೋರ್ಟಿಗೆ ಹೋಗಿ ತಪ್ಪೊಪ್ಪಿ ದಂಡ ಕಟ್ಟಿ, 'ಮುಗಿಯಿತು' ಎಂದು ಮನೆಗೆ ಬರುತ್ತಾರೆ. ಆದರೆ ಲೈಸೆನ್ಸಿನ ಪ್ರಶ್ನೆ ಎರಡು ಕಡೆ ಇರುತ್ತದೆ.

ಒಂದು ನ್ಯಾಯಾಲಯ. 185ನೇ ಕಲಂ ಅಡಿ ಅಪರಾಧ ಸಾಬೀತಾದರೆ ಕನಿಷ್ಠ 6 ತಿಂಗಳು ಲೈಸೆನ್ಸಿಗೆ ಅನರ್ಹಗೊಳಿಸಬೇಕು ಎಂದು 20ನೇ ಕಲಂ ನ್ಯಾಯಾಲಯಕ್ಕೆ ಹೇಳುತ್ತದೆ. ಅಂದರೆ ತಪ್ಪೊಪ್ಪಿಕೊಳ್ಳುವುದು ಬರೀ ದಂಡದ ಮಾತಲ್ಲ. ತಪಾಸಣೆಯೇ ಸರಿಯಿಲ್ಲ ಎಂದು ಅನ್ನಿಸಿದರೆ ಒಪ್ಪಿಕೊಳ್ಳುವ ಮೊದಲೇ ವಕೀಲರ ಜೊತೆ ಮಾತಾಡಿ. ಆದೇಶದ ಪ್ರತಿ ಪಡೆದು ಓದಿಸಿಕೊಳ್ಳಿ.

ಇನ್ನೊಂದು ಆರ್‌ಟಿಒ ಕಚೇರಿ. ಪೊಲೀಸರು ಲೈಸೆನ್ಸನ್ನು ಅಲ್ಲಿಗೆ ಕಳಿಸುತ್ತಾರೆ. 19ನೇ ಕಲಂ ಪ್ರಕಾರ ಮೊದಲ ತಪ್ಪಿಗೆ 3 ತಿಂಗಳು ಅನರ್ಹತೆ. ಎರಡನೇ ಸಲ ಲೈಸೆನ್ಸೇ ರದ್ದು. ಆದರೆ ಆದೇಶ ಮಾಡುವ ಮೊದಲು ಅಧಿಕಾರಿ ನಿಮ್ಮವರ ಮಾತು ಕೇಳಲೇಬೇಕು. ಕೇಳಿದ ಮೇಲೆ ಬಿಟ್ಟುಬಿಡುವ ಅಧಿಕಾರವೂ ಅವರಿಗಿದೆ. ಆದ್ದರಿಂದ ನೋಟಿಸ್ ಬಂದಾಗ ಹೆದರಿ ಬಚ್ಚಿಡಬೇಡಿ. ಉತ್ತರ ಕೊಡದಿದ್ದರೆ ನಿಮ್ಮವರ ಮಾತಿಲ್ಲದೆಯೇ ಆದೇಶ ಆಗಿಬಿಡುತ್ತದೆ.

ಲೈಸೆನ್ಸ್ ಸಂಖ್ಯೆ ಕೆಎ 25 ಎಂದು ಶುರುವಾದರೆ ಅದು ಧಾರವಾಡ ಕಚೇರಿಯದು, ಕೆಎ 63 ಎಂದಿದ್ದರೆ ಹುಬ್ಬಳ್ಳಿಯದು. ಅದರಲ್ಲಿ ಹಳೆಯ ವಿಳಾಸವಿದ್ದರೆ ನೋಟಿಸ್ ಅಲ್ಲಿಗೇ ಹೋಗಬಹುದು. ಕೇಸು ಆದ ವಾರದಲ್ಲೇ ಕಚೇರಿಗೆ ಹೋಗಿ ವಿಚಾರಿಸುವುದು ಒಳ್ಳೆಯದು.

ವಿಚಾರಣೆಗೆ ಒಯ್ಯಬೇಕಾದದ್ದು

- ಲಿಖಿತ ಉತ್ತರ. ಮೊದಲ ತಪ್ಪು ಎಂಬುದು, ಅಪಘಾತ ಆಗಿಲ್ಲ ಎಂಬುದು ನಿಜವಿದ್ದರೆ ಬರೆಯಿರಿ. ಸುಳ್ಳು ಬೇಡ.
- ನ್ಯಾಯಾಲಯದ ಆದೇಶ ಮತ್ತು ದಂಡದ ರಸೀದಿ.
- ಅವರೇ ಹಾಲು ಸಾಗಿಸುತ್ತಾರೆ, ಮನೆ ಅದರ ಮೇಲೆ ನಡೆಯುತ್ತದೆ ಎಂದು ಸಂಘದ ಕಾರ್ಯದರ್ಶಿಯಿಂದ ಪತ್ರ.
- ಕುಡಿತ ಬಿಡಲು ಚಿಕಿತ್ಸೆ ಪಡೆಯುತ್ತಿದ್ದರೆ ಅದರ ಚೀಟಿ.

ಇಷ್ಟೆಲ್ಲ ಕೊಟ್ಟರೂ ಲೈಸೆನ್ಸ್ ಉಳಿದೇ ಉಳಿಯುತ್ತದೆ ಎನ್ನಲಾಗದು. ಕುಡಿದು ಓಡಿಸಿದವರ ಲೈಸೆನ್ಸನ್ನು ಕನಿಷ್ಠ 3 ತಿಂಗಳು ಅಮಾನತು ಮಾಡಿ ಎಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿದೆ. ಆರ್‌ಟಿಒ ಆದೇಶ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಅಮಾನತಾದವರು ಚಾಲನಾ ಪುನಶ್ಚೇತನ ತರಬೇತಿಯನ್ನೂ ಪಡೆಯಬೇಕು.

ಅಮಾನತಿನಲ್ಲಿ ಗಾಡಿ ಮುಟ್ಟಿದರೆ

'ಊರೊಳಗೆ ಯಾರು ನೋಡುತ್ತಾರೆ' ಎಂದು ಹೊರಟರೆ 3 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಗಾಡಿ ನಿಮ್ಮ ಹೆಸರಿನಲ್ಲಿದ್ದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟ ಮಾಲೀಕರಿಗೂ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ ಇದೆ. ಆಗ ಅಪಘಾತವಾದರೆ ವಿಮಾ ಕಂಪನಿಯೂ ತಕರಾರು ತೆಗೆಯುತ್ತದೆ. ಗಾಡಿಯ ಬೀಗದ ಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅದಕ್ಕಾಗಿ ಮನೆಯಲ್ಲಿ ನಾಲ್ಕು ಮಾತು ಬಂದರೂ ಬರಲಿ.

ಆ ತಿಂಗಳುಗಳಲ್ಲಿ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ಗಾಡಿಯಲ್ಲಿ ಹಾಲು ಕಳಿಸಬಹುದು. ಇನ್ನೂ ಒಂದು ದಾರಿಯಿದೆ. ಕಲಿಕಾ ಲೈಸೆನ್ಸ್ ಪಡೆದ 30 ದಿನಗಳ ನಂತರ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ನೀವೋ ಮಗಳೋ ಇಂದೇ ಅರ್ಜಿ ಹಾಕಿದರೆ, ಅವರ ಲೈಸೆನ್ಸ್ ಮರಳುವ ಮೊದಲೇ ನಿಮ್ಮ ಕೈಗೆ ಬರುವ ಸಾಧ್ಯತೆ ಇದೆ. ಕೇಸು ಆಗದ ಮನೆಯವರೂ ಇದನ್ನು ಮಾಡಿಟ್ಟುಕೊಂಡರೆ ಒಳ್ಳೆಯದೇ.

ಕೇಳಲು ನಾಚಬೇಡಿ

ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರ ಸ್ವಂತ ಪ್ರಕರಣಕ್ಕೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಡಿಮೆ ಆದಾಯದ ಗಂಡಸರಿಗೂ ಸಿಗುತ್ತದೆ. ದೂರವಾಣಿ 15100. ಕುಡಿತ ಬಿಡಿಸುವ ಸಲಹೆಗೆ 14446ಕ್ಕೆ ಕರೆ ಮಾಡಿ. ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಇದೆ.

ಒಮ್ಮೆ ಅಮಾನತಾದ ಲೈಸೆನ್ಸ್ ಮರಳುತ್ತದೆ. ಎರಡನೇ ಸಲ ಸಿಕ್ಕಿಬಿದ್ದರೆ ಅದು ರದ್ದಾಗುತ್ತದೆ. ಕುಡಿದು ಬಿದ್ದ ಗಾಡಿಯ ಕೆಳಗೆ ಹೋದ ಜೀವವಂತೂ ಮರಳುವುದೇ ಇಲ್ಲ. ಈ ಮಾತನ್ನು ಮನೆಯವರು ಹೊಟ್ಟೆತುಂಬ ಉಂಡು ಸಮಾಧಾನದಿಂದ ಕೂತ ಹೊತ್ತಿನಲ್ಲಿ ಹೇಳಿ. ಕುಡಿದು ಬಂದ ರಾತ್ರಿ ಹೇಳಿದರೆ ಜಗಳವಾಗುತ್ತದೆ, ಮಾತು ತಲೆಗೆ ಹೋಗುವುದಿಲ್ಲ.