ಶುಶ್ರೂಷೆ ಮತ್ತು ಶುಶ್ರೂಷಕಿಯ ಕಾಲ

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ. ವೈದ್ಯ, ಔಷಧದ್ರವ್ಯ, ಉಪಸ್ಥಾತೃ, ರೋಗಿ ಎಂಬಿವೇ ಆ ನಾಲ್ಕು. ಉಪಸ್ಥಾತೃ ಎಂಬ ಶಬ್ದಕ್ಕೆ ‘ಬಳಿಯಲ್ಲಿ ನಿಂತಿರುವವನು’ ಎಂಬುದು ಅವಯವಾರ್ಥ. ಅವನಲ್ಲಿ ಇರಬೇಕಾದ ಗುಣಗಳೂ ನಾಲ್ಕು: ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ ಮತ್ತು ಶೌಚ. ಈ ಮೂರನೆಯ ಪಾದದ ಸ್ಥಾನದಲ್ಲಿ ಇಂದು ನಿಂತಿರುವವರು ಆಸ್ಪತ್ರೆಯ ಶುಶ್ರೂಷಕಿಯರು. ಗುಣಗಳ ವಿಷಯದಲ್ಲಿ ಶಾಸ್ತ್ರವು ಹೇಳಿದುದು ಇಂದಿಗೂ ಸಲ್ಲುತ್ತದೆ. ಆದರೆ ಒಬ್ಬಳೇ ಅನೇಕ ರೋಗಿಗಳನ್ನು ನೋಡಿಕೊಳ್ಳಬೇಕಾದ ಕಾಲದಲ್ಲಿ ಐದನೆಯ ಪ್ರಶ್ನೆಯೊಂದು ಏಳುತ್ತದೆ. ಬಳಿಯಲ್ಲಿ ನಿಲ್ಲಲು ಆಕೆಗೆ ದೊರೆಯುವ ವೇಳೆ ಎಷ್ಟು?

ಹಾಸಿಗೆಯ ಮೇಲೆ ಮಲಗಿದ ರೋಗಿಗೆ ಶುಶ್ರೂಷಕಿಯು ಕಾಣಿಸುವುದು ಕೆಲವೇ ನಿಮಿಷ. ಸೂಜಿ ಚುಚ್ಚಿದಳು, ಮಾತ್ರೆ ಕೊಟ್ಟಳು, ಹೊರಟುಹೋದಳು. ಉಳಿದ ಹೊತ್ತೆಲ್ಲ ಆಕೆ ಏನು ಮಾಡುತ್ತಾಳೆ ಎಂದು ರೋಗಿಯೂ ಅವನ ಬಂಧುಗಳೂ ಸಂಶಯಪಡುವುದುಂಟು. ಕರೆದರೆ ಬರಲಿಲ್ಲವೆಂಬ ಆಕ್ಷೇಪಣೆಯು ಆಸ್ಪತ್ರೆಯಿಂದ ಮನೆಗೆ ಮರಳಿದ ಅನೇಕರ ಬಾಯಿಯಲ್ಲಿ ಕೇಳಿಬರುತ್ತದೆ. ವಸ್ತುಸ್ಥಿತಿಯನ್ನು ಅರಿಯದೆ ಆಡುವ ಈ ಮಾತು ಬಹುಮಟ್ಟಿಗೆ ಅನ್ಯಾಯದ್ದು.

ಪಾಳಿಯ ಆರಂಭದಲ್ಲಿ ಶುಶ್ರೂಷಕಿಯು ಹಿಂದಿನ ಪಾಳಿಯವಳಿಂದ ಒಬ್ಬೊಬ್ಬ ರೋಗಿಯ ವಾರ್ತೆಯನ್ನು ಸ್ವೀಕರಿಸುತ್ತಾಳೆ. ರಾತ್ರಿ ಜ್ವರ ಏರಿದವರಾರು, ಶಸ್ತ್ರಚಿಕಿತ್ಸೆಗಾಗಿ ಉಪವಾಸ ಇರಬೇಕಾದವರಾರು, ಯಾರಿಗೆ ಯಾವ ಔಷಧ ಒಗ್ಗದು ಎಂಬುದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಳಿಕ ನಾಡಿ, ಉಷ್ಣತೆ, ಉಸಿರಾಟ, ರಕ್ತದೊತ್ತಡಗಳ ಪರೀಕ್ಷೆ. ಅನಂತರ ಔಷಧದ ಸರದಿ. ಸರಿಯಾದ ರೋಗಿಗೆ, ಸರಿಯಾದ ಔಷಧವನ್ನು, ಸರಿಯಾದ ಪ್ರಮಾಣದಲ್ಲಿ, ಸರಿಯಾದ ಮಾರ್ಗದಿಂದ, ಸರಿಯಾದ ವೇಳೆಗೆ ಕೊಡಬೇಕೆಂಬ ಪಂಚನಿಯಮವು ಅವಳ ವಿದ್ಯೆಯ ಮೊದಲ ಪಾಠ. ಇದರ ನಡುವೆ ವೈದ್ಯರ ಭೇಟಿ, ಗಾಯದ ಪಟ್ಟಿಯ ಬದಲಾವಣೆ, ಏಳಲಾರದವರನ್ನು ಮಗ್ಗುಲು ಹೊರಳಿಸುವುದು, ಪ್ರಯೋಗಶಾಲೆಗೆ ರಕ್ತ ಕಳುಹಿಸುವುದು, ಔಷಧಾಲಯದಿಂದ ಬಾರದ ಮದ್ದಿಗಾಗಿ ವಿಚಾರಿಸುವುದು, ಬಂಧುಗಳ ಪ್ರಶ್ನೆಗೆ ಉತ್ತರ ಹೇಳುವುದು. ಮಾಡಿದ ಪ್ರತಿಯೊಂದನ್ನೂ ಬರೆದಿಡಬೇಕು.

ಈ ಕೆಲಸಗಳನ್ನು ಅಳೆದು ನೋಡುವ ಪ್ರಯತ್ನಗಳು ಹೊರನಾಡುಗಳಲ್ಲಿ ನಡೆದಿವೆ. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು 36 ಆಸ್ಪತ್ರೆಗಳ 767 ಶುಶ್ರೂಷಕರ ದಿನಚರಿಯನ್ನು ಪರಿಶೀಲಿಸಿತು. ಅದರಂತೆ ಶುಶ್ರೂಷಾವೃತ್ತಿಗೆ ಸಂದ ವೇಳೆಯಲ್ಲಿ ಶೇಕಡಾ 35ರಷ್ಟು ಬರವಣಿಗೆಗೆ, ಅಂದರೆ ದಾಖಲೆಗಳಿಗೆ ಹೋಗುತ್ತಿತ್ತು. ವೈದ್ಯರು ಮತ್ತು ಇತರ ವಿಭಾಗಗಳೊಡನೆ ಹೊಂದಾಣಿಕೆಗೆ ಶೇಕಡಾ 20ಕ್ಕೆ ತುಸು ಹೆಚ್ಚು. ಔಷಧ ನೀಡಿಕೆಗೆ ಶೇಕಡಾ 17. ರೋಗಿಯ ಮೈಮುಟ್ಟಿ ಮಾಡುವ ಆರೈಕೆಗೆ ಶೇಕಡಾ 19, ಎಂದರೆ ಸುಮಾರು 81 ನಿಮಿಷ. ರೋಗಿಯ ಸ್ಥಿತಿಯನ್ನು ಪರೀಕ್ಷಿಸಿ ತಿಳಿಯುವುದಕ್ಕೆ ಉಳಿದುದು ಶೇಕಡಾ 7, ಸುಮಾರು 31 ನಿಮಿಷ ಮಾತ್ರ. ಹತ್ತು ಗಂಟೆಗಳ ಹಗಲು ಪಾಳಿಯಲ್ಲಿ ಅವರು 1ರಿಂದ 5 ಮೈಲಿಗಳವರೆಗೆ ನಡೆಯುತ್ತಿದ್ದರು. ಅದರ ಮಧ್ಯಮ ಪ್ರಮಾಣ 3 ಮೈಲಿ. ಊರಿಂದೂರಿಗೆ ಹೋಗುವಷ್ಟು ದೂರವನ್ನು ಒಂದೇ ಮಾಳಿಗೆಯ ಕೆಳಗೆ ಕ್ರಮಿಸಿದಂತಾಯಿತು.

ಬರವಣಿಗೆಯು ವ್ಯರ್ಥವೆಂದು ಇದರಿಂದ ಭಾವಿಸಬಾರದು. ರೋಗಿಯು ಇಡೀ ದಿನ ಆಸ್ಪತ್ರೆಯಲ್ಲಿರುತ್ತಾನೆ. ಶುಶ್ರೂಷಕಿಯರು ಪಾಳಿಯಂತೆ ಬದಲಾಗುತ್ತಾರೆ. ಒಬ್ಬಳ ಸ್ಮೃತಿಯು ಇನ್ನೊಬ್ಬಳಿಗೆ ಸಾಗುವುದು ಬರಹದ ಮೂಲಕವೇ. ಕೊಟ್ಟ ಮದ್ದನ್ನು ಬರೆಯದಿದ್ದರೆ ಮುಂದಿನವಳು ಮತ್ತೊಮ್ಮೆ ಕೊಟ್ಟಾಳು. ಆದರೆ ಒಂದೇ ವಿಷಯವನ್ನು ಮೂರು ಕಡೆ ಬರೆಯಿಸುವ ಪದ್ಧತಿಯಿದ್ದಲ್ಲಿ, ಆ ಹೆಚ್ಚಿನ ನಿಮಿಷಗಳು ರೋಗಿಯ ಪಾಲಿನಿಂದಲೇ ಕಳೆದುಹೋಗುತ್ತವೆ.

ವೇಳೆಯ ಮೊತ್ತದಂತೆಯೇ ಅದು ಒಡೆದುಹೋಗುವ ಬಗೆಯೂ ವಿಚಾರಣೀಯ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶುಶ್ರೂಷಕರು ತಮ್ಮ ವೇಳೆಯ ಶೇಕಡಾ 37ನ್ನು ರೋಗಿಗಳ ಸನ್ನಿಧಿಯಲ್ಲಿ ಕಳೆಯುತ್ತಿದ್ದರೆಂದು ಕಂಡುಬಂದಿತು. ಒಂದೊಂದು ಕೆಲಸದ ಸರಾಸರಿ ಅವಧಿ 55 ಸೆಕೆಂಡುಗಳು. ಅದೇ ನಗರದ ಎರಡು ಆಸ್ಪತ್ರೆಗಳಲ್ಲಿ 98 ಶುಶ್ರೂಷಕರನ್ನು ಗಮನಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಗಿತ್ತು. ಔಷಧ ನೀಡುವ ಕಾರ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಯಾವುದಾದರೊಂದು ಅಡ್ಡಿ ಒದಗುತ್ತಿತ್ತು. ಒಂದೊಂದು ಅಡ್ಡಿಯೊಡನೆ ತಪ್ಪುಗಳು ಶೇಕಡಾ 12ರಷ್ಟು ಹೆಚ್ಚುತ್ತಿದ್ದವು. ಮದ್ದು ಅಳೆಯುತ್ತಿರುವವಳನ್ನು ‘ಒಂದು ಮಾತು’ ಎಂದು ಕರೆಯುವುದು ಸಣ್ಣ ಸಂಗತಿಯಲ್ಲವೆಂಬುದು ಇದರಿಂದ ಸ್ಪಷ್ಟ.

ಇನ್ನು ಸಂಖ್ಯೆಯ ಪ್ರಶ್ನೆ. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರನ್ನು ಕುರಿತ ಅಧ್ಯಯನವು 2002ರಲ್ಲಿ ಪ್ರಕಟವಾಯಿತು. ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, 30 ದಿನಗಳೊಳಗೆ ರೋಗಿಯು ಸಾಯುವ ಸಂಭವವು ಶೇಕಡಾ 7ರಷ್ಟು ಹೆಚ್ಚಾಗಿರುವುದು ಅಲ್ಲಿ ಕಂಡಿತು. ಕ್ಯಾಲಿಫೋರ್ನಿಯ ಪ್ರಾಂತವು 1999ರಲ್ಲಿಯೇ ಈ ಬಗ್ಗೆ ಶಾಸನವನ್ನು ಮಾಡಿ, 2004ರಿಂದ ಒಬ್ಬ ಶುಶ್ರೂಷಕಿಗೆ ಇಷ್ಟೇ ರೋಗಿಗಳೆಂಬ ಮಿತಿಯನ್ನು ಜಾರಿಗೆ ತಂದಿತು.

ವೇಳೆ ಸಾಲದಾದಾಗ ಶುಶ್ರೂಷಕಿಯು ಯಾವುದನ್ನು ಬಿಡುತ್ತಾಳೆ? ಮದ್ದನ್ನು ಬಿಡುವಂತಿಲ್ಲ, ವೈದ್ಯರ ಆದೇಶವನ್ನು ಬಿಡುವಂತಿಲ್ಲ, ದಾಖಲೆಯನ್ನೂ ಬಿಡುವಂತಿಲ್ಲ. ಯೂರೋಪಿನ 12 ದೇಶಗಳ 33,000ಕ್ಕೂ ಹೆಚ್ಚು ಶುಶ್ರೂಷಕರನ್ನು ಪ್ರಶ್ನಿಸಿದ ಅಧ್ಯಯನವು 2014ರಲ್ಲಿ ಇದಕ್ಕೆ ಉತ್ತರವನ್ನಿತ್ತಿತು. ಮಾಡಲಾಗದೆ ಬಿಟ್ಟುಹೋದ ಕೆಲಸಗಳಲ್ಲಿ ಮೊದಲನೆಯದು ರೋಗಿಯೊಡನೆ ಮಾತನಾಡಿ ಸಾಂತ್ವನ ಹೇಳುವುದು. ಶೇಕಡಾ 53 ಮಂದಿ ಹಾಗೆಂದರು. ರೋಗಿಗೂ ಬಂಧುಗಳಿಗೂ ತಿಳಿವಳಿಕೆ ಕೊಡುವುದು ಶೇಕಡಾ 41 ಮಂದಿಗೆ ಸಾಧ್ಯವಾಗಿರಲಿಲ್ಲ. ಮಾತಿಗೆ ದಾಖಲೆಯಿಲ್ಲ, ಆದ್ದರಿಂದ ಅದರ ಲೋಪವು ಯಾವ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಕಾಣುವುದು ರೋಗಿಗೆ ಮಾತ್ರ. ಅವನು ಅದನ್ನು ಶುಶ್ರೂಷಕಿಯ ನಿರ್ದಯತೆಯೆಂದು ತಿಳಿಯುತ್ತಾನೆ.

ಪರಿಹಾರವಿಲ್ಲದಿಲ್ಲ. ಅದನ್ನು ಬಹು ಹಿಂದೆಯೇ ಕಂಡವಳು ಫ್ಲಾರೆನ್ಸ್ ನೈಟಿಂಗೇಲ್. 1820ರಲ್ಲಿ ಜನಿಸಿದ ಈಕೆ ಕ್ರಿಮಿಯದ ಯುದ್ಧದಲ್ಲಿ ಗಾಯಾಳುಗಳ ಸೇವೆಗೆ 1854ರಲ್ಲಿ ತೆರಳಿದಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಾ ಶಿಕ್ಷಣಾಲಯವನ್ನು ಸ್ಥಾಪಿಸಿದಳು. ದೀಪ ಹಿಡಿದ ದೇವಿಯೆಂಬ ಅವಳ ಚಿತ್ರವು ಎಲ್ಲರಿಗೂ ಪರಿಚಿತ. ಅವಳ ವ್ಯವಹಾರಬುದ್ಧಿಯು ಅಷ್ಟು ಪರಿಚಿತವಲ್ಲ. 1853ರಲ್ಲಿ, ಯುದ್ಧಭೂಮಿಗೆ ಹೋಗುವ ಮೊದಲೇ, ಲಂಡನ್ನಿನ ಒಂದು ಚಿಕ್ಕ ರುಗ್ಣಾಲಯದ ಆಡಳಿತವನ್ನು ವಹಿಸಿಕೊಂಡಾಗ ಅವಳು ಕೇಳಿದುದು ಮೂರು ಸೌಕರ್ಯಗಳನ್ನು: ಪ್ರತಿ ಮಹಡಿಗೂ ಕೊಳವೆಯಲ್ಲಿ ಬಿಸಿನೀರು, ಊಟವನ್ನು ಮೇಲಕ್ಕೆತ್ತುವ ಯಂತ್ರ, ಯಾವ ರೋಗಿ ಕರೆದನೆಂದು ತೋರಿಸುವ ಗಂಟೆ. ಇವಿಲ್ಲದಿದ್ದರೆ ಶುಶ್ರೂಷಕಿಯು ಮೆಟ್ಟಿಲು ಹತ್ತಿಳಿಯುವ ಎರಡು ಕಾಲುಗಳಷ್ಟೇ ಆಗುತ್ತಾಳೆಂಬುದು ಅವಳ ಅಭಿಪ್ರಾಯ. ಮರುಕವು ಹೃದಯದಲ್ಲಿದ್ದರೆ ಸಾಲದು, ಅದು ಕಟ್ಟಡದ ರಚನೆಯಲ್ಲಿಯೂ ಇರಬೇಕೆಂದು ಅವಳು ಅರಿತಿದ್ದಳು.

ಆಸ್ಪತ್ರೆಗೆ ದಾನಮಾಡುವ ಉದಾರಿಗಳು ಗಮನಿಸತಕ್ಕ ಅಂಶವಿದು. ದೊಡ್ಡ ಯಂತ್ರಕ್ಕೂ ಹೊಸ ಮಂದಿರಕ್ಕೂ ದಾತೃವಿನ ನಾಮಫಲಕವು ಶೋಭಿಸುತ್ತದೆ. ವಾರ್ಡಿನ ಬಳಿಯಲ್ಲಿಯೇ ಒಂದು ನಲ್ಲಿ, ಹಾಸಿಗೆಗಳ ಸಮೀಪದಲ್ಲಿಯೇ ಸಾಮಗ್ರಿಯ ಕಪಾಟು, ಓಡಾಟಕ್ಕೆ ಒಬ್ಬ ಸಹಾಯಕ, ಇವಕ್ಕೆ ಫಲಕವಿರುವುದಿಲ್ಲ. ಆದರೂ ಇವು ನೀಡುವುದು ಕಾಲದಾನವನ್ನು. ಅದರ ಫಲ ನೇರವಾಗಿ ರೋಗಿಗೆ ಸಲ್ಲುತ್ತದೆ. ಬಂಧುಗಳೂ ತಮ್ಮ ಪ್ರಶ್ನೆಗಳನ್ನು ಒಬ್ಬರ ಮೂಲಕ, ಮದ್ದಿನ ಸರದಿ ಮುಗಿದ ಬಳಿಕ ಕೇಳುವುದಾದರೆ ಅದೂ ಒಂದು ಬಗೆಯ ದಾನವೇ.

‘ಶ್ರು’ ಧಾತುವಿಗೆ ಇಚ್ಛಾರ್ಥದಲ್ಲಿ ಸನ್ ಪ್ರತ್ಯಯವು ಸೇರಿ ‘ಶುಶ್ರೂಷಾ’ ಎಂಬ ಶಬ್ದವಾಗಿದೆ. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಸೇವೆಯೆಂಬ ಅರ್ಥ ಅದರಿಂದ ಬೆಳೆದುಬಂದುದು. ಕೆಲಸದ ಒತ್ತಡದಲ್ಲಿ ಮೊದಲು ಬಿಟ್ಟುಹೋಗುವುದು ರೋಗಿಯ ಮಾತನ್ನು ಕೇಳುವುದೇ ಎಂದಮೇಲೆ, ಹೋಗುತ್ತಿರುವುದು ಶುಶ್ರೂಷೆಯ ಮೂಲವೇ ಎಂದಾಯಿತು. ಶುಶ್ರೂಷಕಿಯಲ್ಲಿ ಆ ಇಚ್ಛೆ ಇಲ್ಲವೆಂದಲ್ಲ, ಅದಕ್ಕೆ ಅವಕಾಶವಿಲ್ಲ. ಆ ಅವಕಾಶವನ್ನು ಕಲ್ಪಿಸಿಕೊಡುವುದು ಸಮಾಜದ ಹೊಣೆ.