ತಿಳಿಸಾರಿನ ತಳದಲ್ಲಿ

ಅನ್ನ ಬಿಟ್ಟು ಮುದ್ದೆಗೆ ಬಂದವರು ಅರ್ಧ ದಾರಿ ನಡೆದಿದ್ದಾರೆ, ಅಷ್ಟೆ. ರಾಗಿಯಲ್ಲಿ ನಾರು ಹೆಚ್ಚು, 100 ಗ್ರಾಂಗೆ 300 ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಂ ಇದೆ, ನಿಜ. ಪ್ರೊಟೀನು ಮಾತ್ರ 7 ಗ್ರಾಂ ಆಸುಪಾಸು, ಅಕ್ಕಿಗಿಂತ ಹೆಚ್ಚೇನಲ್ಲ. ತೊಗರಿಬೇಳೆಯಲ್ಲಿ ಅದರ ಮೂರು ಪಟ್ಟು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 17 ಸಲಹೆಗಳಿವೆ. ಉಪ್ಪು, ಸಕ್ಕರೆ, ಎಣ್ಣೆ ಮಿತವಾಗಿರಲಿ ಎಂಬುದು ಕೇಳಿ ಹಳತಾದದ್ದು. ನೋಡಬೇಕಾದ್ದು ತಟ್ಟೆಯ ಲೆಕ್ಕ: 2,000 ಕ್ಯಾಲರಿಯ ದಿನದೂಟಕ್ಕೆ, ಬೇಯಿಸುವ ಮುಂಚಿನ ತೂಕದಲ್ಲಿ, ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು. ಧಾನ್ಯದ ಪ್ರೊಟೀನಿನಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕೊರತೆಯಿರುವ ಮೆಥಿಯೊನಿನ್ ಧಾನ್ಯದಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕಾದರೆ ಕಾಳು ನೆಪಮಾತ್ರಕ್ಕೆ ಇದ್ದರೆ ಸಾಲದು.

ನಾಲ್ಕು ಜನರ ಮನೆಗೆ ದಿನಕ್ಕೆ 340 ಗ್ರಾಂ ಬೇಳೆಕಾಳು ಆಯಿತು. ಎಷ್ಟೋ ಮನೆಗಳಲ್ಲಿ ಕುಕ್ಕರಿಗೆ ಬೀಳುವುದು ಎರಡು ಹಿಡಿ ತೊಗರಿಬೇಳೆ. ಹುಣಸೆರಸ, ಸಾರಿನ ಪುಡಿ, ಒಂದಷ್ಟು ನೀರು ಸೇರಿ ಕುದಿದು, ಒಗ್ಗರಣೆ ಬಿದ್ದ ಮೇಲೆ ಬೇಳೆ ತಳ ಸೇರುತ್ತದೆ. ಸೌಟಿಗೆ ಸಿಗುವುದು ಮೇಲಿನ ತಿಳಿ. ಅನ್ನ ಎರಡು ಸಲ ಬಡಿಸಿಕೊಂಡವರೂ ಕಾಳಿನ ಲೆಕ್ಕದಲ್ಲಿ ಉಪವಾಸ. ಸಾರು ರುಚಿಯಾದಷ್ಟೂ ಅನ್ನ ಹೆಚ್ಚು ಇಳಿಯುತ್ತದೆ ಎಂಬುದು ಬೇರೆ ಮಾತು! ಬಸ್ಸಾರಿನ ಕ್ರಮ ಇದಕ್ಕಿಂತ ಜಾಣತನದ್ದು. ಹುರುಳಿಯನ್ನೋ ಅಲಸಂದೆಯನ್ನೋ ಸೊಪ್ಪಿನೊಡನೆ ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಉಳಿದ ಕಾಳು-ಸೊಪ್ಪು ಪಲ್ಯವಾಗುತ್ತದೆ. ಆದರೆ ಮುದ್ದೆಯ ಪಕ್ಕಕ್ಕೆ ಒಂದು ಚಮಚ ಪಲ್ಯ ಹಾಕಿಕೊಂಡರೆ ಅದರಿಂದಲೂ ಪ್ರಯೋಜನವಿಲ್ಲ.

ನಮ್ಮ ಹಿರಿಯರು ದೊಡ್ಡ ಮುದ್ದೆ ತಿಂದೇ ಗಟ್ಟಿಯಾಗಿದ್ದರಲ್ಲ ಎಂದು ಕೇಳುವವರಿದ್ದಾರೆ. ಇದ್ದರು, ನೇಗಿಲು ಹಿಡಿದು ಅದನ್ನು ಕರಗಿಸುತ್ತಲೂ ಇದ್ದರು. ಜೊತೆಗೆ, ಅವರ ರಾಗಿ ಹೊಲದಲ್ಲಿ ಅಕ್ಕಡಿ ಸಾಲುಗಳಿರುತ್ತಿದ್ದವು: ಅವರೆ, ತೊಗರಿ, ಅಲಸಂದೆ. ಮುದ್ದೆಗೆ ಬೇಕಾದ ಕಾಳು ಪಕ್ಕದ ಸಾಲಿನಲ್ಲೇ ಬೆಳೆಯುತ್ತಿತ್ತು. ಈಗ ಅಕ್ಕಿ ಪಡಿತರ ಅಂಗಡಿಯಿಂದ ಬರುತ್ತದೆ, ಬೇಳೆಯನ್ನು ಹೆಚ್ಚಾಗಿ ಪೇಟೆಯಲ್ಲಿ ಕೊಳ್ಳಬೇಕು. ಹಾಗಾಗಿ ಬೇಳೆ ದುಬಾರಿ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ತಿನ್ನುವವರ ತಿಳಿವಳಿಕೆಗಿಂತ ಇದು ಬೆಲೆಯ, ಸರ್ಕಾರಿ ನೀತಿಯ ಪ್ರಶ್ನೆ. ಆದರೂ ತೊಗರಿಯೊಂದೇ ಬೇಳೆಯಲ್ಲ. ಹುರುಳಿ, ಕಡಲೆ, ಹೆಸರು ಇವೆ. ಮೊಟ್ಟೆ, ಮೀನು ತಿನ್ನುವವರು ಕಾಳಿನ ಪಾಲಿನಲ್ಲಿ ಒಂದಿಷ್ಟನ್ನು ಅವುಗಳಿಂದ ತುಂಬಿಕೊಳ್ಳಬಹುದು. ಪ್ರೊಟೀನ್ ಪುಡಿಯ ಡಬ್ಬಿಗಳಿಂದ ದೂರವಿರಿ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಇನ್ನು ಕಾಳು ತಿಂದರೆ ವಾಯು ಎಂಬ ದೂರು. ವಾಯುವಿಗೆ ಕಾರಣವಾಗುವ ಸಕ್ಕರೆಯಂಶ ನೆನೆಸಿದ ನೀರಿಗೆ ಒಂದಷ್ಟು ಇಳಿಯುತ್ತದೆ, ಮೊಳಕೆಯೊಡೆದಾಗ ಇನ್ನಷ್ಟು ಕರಗುತ್ತದೆ. ರಾತ್ರಿಯಿಡೀ ನೆನೆದ ಹುರುಳಿಯ ನೀರು ಚೆಲ್ಲಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಇಣುಕಿರುತ್ತದೆ.